ಕ್ಯಾಂಟನ್ ವ್ಯಾಪಾರದ ಕಾಗದಪತ್ರಗಳು: ಜಮ್‌ಶೇಟ್‌ಜಿ ಜೀಜೀಭಾಯಿಯವರ ಪತ್ರಸಂಪುಟಗಳನ್ನು ಕುರಿತು

ಕನ್ನಡನಾಡಿನ ಇತಿಹಾಸವನ್ನು ಬರೆಯಹೊರಟವನಿಗೆ ಅರಸರ ವಿಷಯದಲ್ಲಿ ಸಾಮಗ್ರಿಯ ಬಡತನವಿಲ್ಲ. ದಾನಶಾಸನಗಳು, ವೀರಗಲ್ಲುಗಳು, ತಾಮ್ರಪಟಗಳು ಸಾವಿರಗಟ್ಟಲೆಯಾಗಿ ದೊರೆತಿವೆ. ವರ್ತಕನ ವಿಷಯಕ್ಕೆ ಬಂದೊಡನೆ ಈ ಸಿರಿವಂತಿಕೆ ಕರಗಿಹೋಗುತ್ತದೆ. ಅಯ್ಯಾವೊಳೆಯ ಐನೂರ್ವರು ದೇಶದೇಶಗಳಲ್ಲಿ ವ್ಯಾಪಾರ ನಡೆಸಿದವರು. ತಮ್ಮ ಪ್ರಶಸ್ತಿಯನ್ನು ಕಲ್ಲಿನಲ್ಲಿ ಕೆತ್ತಿಸಿದರು, ಲೆಕ್ಕವನ್ನು ಕೆತ್ತಿಸಲಿಲ್ಲ. ಮುಂದಿನ ಶತಮಾನಗಳಲ್ಲಿ ಲೆಕ್ಕವನ್ನು ಬರೆದಿಡುತ್ತಿದ್ದುದು ಕಡತಗಳಲ್ಲಿ. ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು ಕಪ್ಪುಮಾಡಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆಯುವುದು ಅದರ ಕ್ರಮ. ಬೇಡವಾದ ಬರಹವನ್ನು ಒರಸಿ ಮತ್ತೆ ಬರೆಯುವ ಅನುಕೂಲ ಕಡತಕ್ಕಿತ್ತು. ವ್ಯಾಪಾರಿಗೆ ಅದು ಗುಣ. ಇತಿಹಾಸಕಾರನಿಗೆ ಅದೇ ದೋಷ.

ಗುಜರಾತದಲ್ಲಿ ಪರಿಸ್ಥಿತಿ ಬೇರೆಯಾಗಿರಬೇಕಾಗಿತ್ತು. ಇಲ್ಲಿನ ಲಿಪಿಗೇ ಒಂದು ಕಾಲದಲ್ಲಿ ‘ಶರಾಫಿ’, ‘ವಾಣಿಯಾಶಾಈ’ ಎಂಬ ಹೆಸರುಗಳಿದ್ದವು. ಕಾವ್ಯಕ್ಕೂ ಶಾಸ್ತ್ರಕ್ಕೂ ದೇವನಾಗರಿ, ಲೇವಾದೇವಿಗೆ ಈ ತಲೆಕಟ್ಟಿಲ್ಲದ ಓಟದ ಅಕ್ಷರ, ಎಂಬ ವಿಭಾಗವೇ ಏರ್ಪಟ್ಟಿತ್ತು. ಪ್ರತಿ ದೀಪಾವಳಿಗೂ ಚೋಪಡಾಪೂಜೆ ನಡೆಯುತ್ತದೆ. ಕೆಂಬಟ್ಟೆಯ ಹೊಸ ಲೆಕ್ಕದ ಪುಸ್ತಕದ ಮೊದಲ ಹಾಳೆಯ ಮೇಲೆ ‘ಶ್ರೀ’ಕಾರ ಬರೆದು, ಕುಂಕುಮವಿಟ್ಟು ಲಕ್ಷ್ಮೀ ಶಾರದೆಯರನ್ನು ಒಟ್ಟಿಗೆ ಅರ್ಚಿಸುತ್ತಾರೆ. ಇಷ್ಟು ಪೂಜ್ಯವಾದ ವಸ್ತುವೇ ವರ್ಷ ತುಂಬಿದ ಮೇಲೆ ಅಟ್ಟವನ್ನು ಸೇರುತ್ತದೆ. ಬಾಕಿ ವಸೂಲಾಗಿ, ಪಾಲು ಹಂಚಿಕೆ ಮುಗಿದ ಮೇಲೆ ಅದನ್ನು ಯಾರೂ ಬಿಚ್ಚುವುದಿಲ್ಲ. ಗೆದ್ದಲು ಮಾತ್ರ ಬಿಚ್ಚುತ್ತದೆ. ಅಹಮದಾಬಾದು, ಪಾಟಣ, ಖಂಭಾತಗಳ ಜೈನ ಭಂಡಾರಗಳಲ್ಲಿ ಶಾಸ್ತ್ರಗ್ರಂಥಗಳ ಹಸ್ತಪ್ರತಿಗಳು ಶತಮಾನಗಳಿಂದ ಸುರಕ್ಷಿತವಾಗಿ ಉಳಿದುಬಂದಿವೆ. ಅವುಗಳಲ್ಲಿ ಎಷ್ಟನ್ನೋ ಪ್ರತಿಮಾಡಿಸಲು ಹಣ ಕೊಟ್ಟವರು ವರ್ತಕರೇ. ಆದರೆ ಆ ಹಣ ಹೇಗೆ ಬಂದಿತೆಂಬುದನ್ನು ಹೇಳುವ ಪುಸ್ತಕವೂ ಕಾಪಾಡಲು ಯೋಗ್ಯವಾದುದೆಂದು ಅವರಿಗೆ ತೋರಲಿಲ್ಲ. ಅಪವಾದಗಳಿಲ್ಲವೆಂದಲ್ಲ. ಗಾಯಕವಾಡರಿಗೆ ಸಾಲಕೊಟ್ಟು ಸಂಸ್ಥಾನದ ಹಣಕಾಸನ್ನು ಕೈಯಲ್ಲಿಟ್ಟುಕೊಂಡಿದ್ದ ವಡೋದರೆಯ ಹರಿಭಕ್ತಿ ಮನೆತನದ ದಾಖಲೆಗಳ ಸಂಗ್ರಹವೊಂದು ಅಲ್ಲಿನ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಇತಿಹಾಸ ವಿಭಾಗವನ್ನು ಸೇರಿ ವಿದ್ವಾಂಸರಿಗೆ ಒದಗಿದೆ. ಅಂಥವು ವಿರಳ.

ಈ ಕೊರತೆಯ ನಡುವೆ ಹತ್ತೊಂಬತ್ತನೆಯ ಶತಮಾನದ ಒಬ್ಬ ಮಹಾವರ್ತಕನ ವ್ಯವಹಾರದ ಪತ್ರಗಳು ಸಂಪುಟ ಸಂಪುಟವಾಗಿ ಉಳಿದಿರುವುದು ಭಾಗ್ಯವೆನ್ನಬೇಕು. ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ ಸರ್ ಜಮ್‌ಶೇಟ್‌ಜಿ ಜೀಜೀಭಾಯಿಯವರ ಪತ್ರಸಂಪುಟಗಳೇ ಅವು. ಈ ಮನೆತನದ ಮೂಲ ನವಸಾರಿ. ಜಮ್‌ಶೇಟ್‌ಜಿಯವರ ಜನ್ಮಸ್ಥಳವು ಮುಂಬಯಿಯೆಂದೂ ನವಸಾರಿಯೆಂದೂ ಎರಡು ಪಾಠಗಳುಂಟು. ಬಾಲ್ಯವು ಸೂರತ್ತಿಗೆ ದಕ್ಷಿಣದ ಆ ಊರಿನಲ್ಲಿ ಕಳೆಯಿತೆಂಬುದರಲ್ಲಿ ವಿವಾದವಿಲ್ಲ.

ಪತ್ರಗಳ ವಿಚಾರಕ್ಕೆ ಮುನ್ನ ಕ್ಯಾಂಟನ್ ಪೇಟೆಯ ಸ್ವರೂಪವನ್ನು ತಿಳಿಯುವುದು ಅಗತ್ಯ. ಇಂಗ್ಲೆಂಡಿಗೆ ಚೀನದ ಚಹ ಬೇಕಾಗಿತ್ತು. ಚೀನಕ್ಕೆ ಇಂಗ್ಲೆಂಡಿನ ಉಣ್ಣೆಬಟ್ಟೆ ಅಷ್ಟಾಗಿ ಬೇಕಾಗಿರಲಿಲ್ಲ. ಬೆಳ್ಳಿಯನ್ನು ಕೊಟ್ಟು ಚಹ ಕೊಳ್ಳುವುದು ಎಷ್ಟು ದಿನ ಸಾಧ್ಯ? ಚೀನೀಯರು ಒಪ್ಪುವ ಸರಕನ್ನು ಹುಡುಕುವುದೇ ಅಂದಿನ ವರ್ತಕಲೋಕದ ಮುಖ್ಯ ಚಿಂತೆಯಾಯಿತು. ಹೀಗೆ ಒಪ್ಪಿಗೆಯಾದ ಸರಕುಗಳ ಪಟ್ಟಿ ವಿಚಿತ್ರವಾದುದು: ಗುಜರಾತದ ಹತ್ತಿ, ಮೈಸೂರು ಸೀಮೆಯಿಂದ ಪಶ್ಚಿಮ ಕರಾವಳಿಗಿಳಿದು ಬರುತ್ತಿದ್ದ ಶ್ರೀಗಂಧ, ಉತ್ತರ ಅಮೆರಿಕದ ತುಪ್ಪುಳ ಚರ್ಮ, ಕೊನೆಗೆ ಅಫೀಮು. ಇವುಗಳಲ್ಲಿ ತುಪ್ಪುಳದ ವ್ಯಾಪಾರಕ್ಕೂ ಮುಂಬಯಿಗೂ ಸಂಬಂಧವಿತ್ತೆಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಕ್ಯಾಪ್ಟನ್ ಕುಕ್ಕನ ಮೂರನೆಯ ಯಾನದ ನಾವಿಕರು ಅಮೆರಿಕದ ವಾಯವ್ಯ ತೀರದಲ್ಲಿ ಅಗ್ಗವಾಗಿ ಕೊಂಡಿದ್ದ ಕಡಲ ನೀರುನಾಯಿಯ ಚರ್ಮಗಳು 1779ರಲ್ಲಿ ಕ್ಯಾಂಟನ್ನಿನಲ್ಲಿ ನಂಬಲಾಗದ ಬೆಲೆಗೆ ಮಾರಾಟವಾದವು. ಆ ಸುದ್ದಿ ಹಬ್ಬಿದ ಕೆಲವೇ ವರ್ಷಗಳಲ್ಲಿ, 1785ರ ಡಿಸೆಂಬರಿನಲ್ಲಿ, ಮುಂಬಯಿಯ ವರ್ತಕ ಡೇವಿಡ್ ಸ್ಕಾಟನ ಬೆಂಬಲದಿಂದ ‘ಕ್ಯಾಪ್ಟನ್ ಕುಕ್’, ‘ಎಕ್ಸ್‌ಪೆರಿಮೆಂಟ್’ ಎಂಬ ಎರಡು ಹಡಗುಗಳು ಮುಂಬಯಿಯಿಂದ ನೂಟ್ಕಾ ತೀರಕ್ಕೆ ಹೊರಟವು. ಮುಖಂಡನಾಗಿದ್ದವನು ಮದರಾಸಿನ ಕಂಪನಿ ಅಧಿಕಾರಿ ಜೇಮ್ಸ್ ಸ್ಟ್ರೇಂಜ್. ಆರುನೂರರಷ್ಟು ಚರ್ಮಗಳು ದೊರೆತವು. ಅವುಗಳನ್ನು ಚೀನದಲ್ಲಿ ಮಾರಿದರೂ ಹಾಕಿದ ಬಂಡವಾಳ ಹಿಂದಿರುಗಲಿಲ್ಲ. ಹಡಗಿನ ಶಸ್ತ್ರವೈದ್ಯನ ಸಹಾಯಕನಾದ ಮೆಕೆ ಎಂಬವನನ್ನು ಸ್ಥಳೀಯ ಜನರ ಭಾಷೆ, ನಡೆನುಡಿಗಳನ್ನು ಕಲಿಯಲೆಂದು ನೂಟ್ಕಾದಲ್ಲಿಯೇ ಬಿಟ್ಟುಬಂದರು. ಸ್ಟ್ರೇಂಜನ ದಿನಚರಿ ಮದರಾಸಿನ ದಫ್ತರಖಾನೆಯಲ್ಲಿ ಒಂದೂವರೆ ಶತಮಾನದಷ್ಟು ಕಾಲ ನಿದ್ರಿಸಿ, 1928ರಲ್ಲಿ ಅಲ್ಲಿನ ಸರಕಾರದಿಂದಲೇ ಅಚ್ಚಾಯಿತು. ನಷ್ಟದ ವ್ಯಾಪಾರವಾದರೂ ಕಾಗದ ಉಳಿದುದರಿಂದ ಕಥೆ ಉಳಿಯಿತು.

ಮುಂದೆ ಆ ವ್ಯಾಪಾರವು ಬಹುಮಟ್ಟಿಗೆ ಅಮೆರಿಕನ್ನರ ಪಾಲಾಯಿತು. ತುಪ್ಪುಳದಿಂದಲೇ ಐಶ್ವರ್ಯ ಗಳಿಸಿದ ಜಾನ್ ಜೇಕಬ್ ಆಸ್ಟರನ (1763–1848) ವ್ಯವಹಾರಪತ್ರಗಳು ಇಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಬೇಕರ್ ಗ್ರಂಥಾಲಯದಲ್ಲಿವೆ. ಹಡ್ಸನ್ಸ್ ಬೇ ಕಂಪನಿಯ ದಾಖಲೆಗಳು 1974ರಲ್ಲಿ ಲಂಡನ್ನಿನಿಂದ ಕೆನಡದ ವಿನ್ನಿಪೆಗ್ಗಿಗೆ ಬಂದವು. ಮುಂಬಯಿಯ ವರ್ತಕರು ಹಿಡಿದ ದಾರಿ ಬೇರೆ. ಮೊದಲು ಹತ್ತಿ, ಆಮೇಲೆ ಮಾಳವದ ಅಫೀಮು. ಆ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಹೋದ ಭಾರತೀಯರು ಜಮ್‌ಶೇಟ್‌ಜಿ.

1783ರ ಜುಲೈ 15ರಂದು ಹುಟ್ಟಿದ ಅವರು 1799ರಲ್ಲಿ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡು, ಮುಂಬಯಿಯಲ್ಲಿ ಸೀಸೆಗಳ ವ್ಯಾಪಾರ ಮಾಡುತ್ತಿದ್ದ ಸೋದರಮಾವ ಫ್ರಾಮ್‌ಜಿ ನಸರವಾನ್‌ಜಿಯವರ ಆಶ್ರಯಕ್ಕೆ ಬಂದರು. ಆ ಮಾವನ ಮಗಳು ಆವಾಬಾಯಿಯವರೇ 1803ರಲ್ಲಿ ಅವರ ಕೈಹಿಡಿದರು. ಇಪ್ಪತ್ತೈದು ತುಂಬುವುದರೊಳಗೆ ಚೀನಕ್ಕೆ ಐದು ಯಾನಗಳಾದವು. ನಾಲ್ಕನೆಯದು ಮರೆಯಲಾಗದ್ದು. 1805ರ ಜುಲೈಯಲ್ಲಿ ಅವರಿದ್ದ ‘ಬ್ರನ್ಸ್‌ವಿಕ್’ ಹಡಗನ್ನು ಸಿಂಹಳದ ಬಳಿ ಫ್ರೆಂಚ್ ನೌಕಾಧಿಪತಿ ಲಿನ್ವಾ ಸೆರೆಹಿಡಿದು ಗುಡ್‌ಹೋಪ್ ಭೂಶಿರಕ್ಕೆ ಒಯ್ದನು. ಸರಕು ಹೋಯಿತು, ಹಡಗೂ ಅಲ್ಲಿಯೇ ಒಡೆದುಹೋಯಿತು. ಆದರೆ ಆ ಹಡಗಿನ ಶಸ್ತ್ರವೈದ್ಯನೊಡನೆ ಪರಿಚಯವಾಯಿತು. ಅವನ ಹೆಸರು ವಿಲಿಯಂ ಜಾರ್ಡಿನ್. 1832ರಲ್ಲಿ ಕ್ಯಾಂಟನ್ನಿನಲ್ಲಿ ಜಾರ್ಡಿನ್ ಮ್ಯಾಥಿಸನ್ ಕಂಪನಿಯನ್ನು ಸ್ಥಾಪಿಸಿದವರಲ್ಲಿ ಈತನೇ ಮೊದಲಿಗನು. ಸೆರೆಯಲ್ಲಿ ಹುಟ್ಟಿದ ಸ್ನೇಹವು ಏಷ್ಯದ ಅತಿ ದೊಡ್ಡ ವ್ಯಾಪಾರಸಂಬಂಧಗಳಲ್ಲಿ ಒಂದಾಗಿ ಬೆಳೆಯಿತು.

1818ರ ವೇಳೆಗೆ ಜಮ್‌ಶೇಟ್‌ಜಿಯವರ ಸಂಸ್ಥೆ ಸ್ಥಿರಗೊಂಡಿತ್ತು. ಪಾಲುದಾರರು ಜೈನ ವರ್ತಕ ಮೋತೀಚಂದ ಅಮೀಚಂದ ಮತ್ತು ಕೊಂಕಣಿ ಮುಸಲ್ಮಾನರಾದ ಮಹಮ್ಮದ ಅಲಿ ರೋಗೆ. ದಮಣ ಬಂದರಿನ ವ್ಯವಹಾರದಲ್ಲಿ ಗೋವೆಯ ಕ್ರೈಸ್ತ ವರ್ತಕ ರೊಜೇರಿಯೊ ದ ಫಾರಿಯಾ ಜೊತೆಯಾಗಿದ್ದರು. ಪಾರಸಿ, ಜೈನ, ಮುಸಲ್ಮಾನ, ಕ್ರೈಸ್ತ ಎಂಬ ಈ ಕೂಟವನ್ನು ಇಂದಿನ ಲೇಖಕರು ಸೌಹಾರ್ದದ ನಿದರ್ಶನವಾಗಿ ಕೊಂಡಾಡುವುದುಂಟು. ಅದರಲ್ಲಿ ಸತ್ಯವಿದೆ, ಆದರೆ ವ್ಯಾಪಾರದ ಕಾರಣವೂ ಇತ್ತು. ಒಬ್ಬೊಬ್ಬನೂ ತನ್ನ ತನ್ನ ಸಮುದಾಯದ ಬಂಡವಾಳವನ್ನೂ ಒಳನಾಡಿನ ಅಥವಾ ಕರಾವಳಿಯ ಪರಿಚಯವನ್ನೂ ತರುತ್ತಿದ್ದನು. ಒಂದೇ ಜಾತಿಯ ನಾಲ್ವರು ಕೂಡಿದ್ದರೆ ಇಷ್ಟು ದೂರ ಕೈ ಚಾಚುತ್ತಿರಲಿಲ್ಲ.

ಈಗ ಸಂಪುಟಗಳ ಸ್ವರೂಪ. ಇವು ಬಂದ ಪತ್ರಗಳಲ್ಲ, ಕಳುಹಿಸಿದ ಪತ್ರಗಳ ನಕಲುಗಳು. ಹಾಯಿಹಡಗಿನ ಕಾಲದಲ್ಲಿ ಪತ್ರ ಮುಟ್ಟುವುದೇ ಸಂದೇಹ. ಒಂದೇ ಪತ್ರವನ್ನು ಎರಡು ಹಡಗುಗಳಲ್ಲಿ ಕಳುಹಿಸುವ ರೂಢಿಯಿತ್ತು. ಏನು ಬರೆದೆವೆಂಬುದನ್ನು ತಿಂಗಳುಗಳಾದ ಮೇಲೆ ಉತ್ತರ ಬಂದಾಗ ನೆನೆಯಲು ನಕಲು ಬೇಕೇ ಬೇಕು. ಮುಂಬಯಿಯಿಂದ ಸೂಯೆಜ್ಜಿಗೆ ‘ಹ್ಯೂ ಲಿಂಡ್ಸೆ’ ಎಂಬ ಉಗಿಹಡಗು 1830ರಲ್ಲಿ ಮೂವತ್ತಮೂರು ದಿನಗಳಲ್ಲಿ ತಲಪಿದುದು ಆ ಕಾಲಕ್ಕೆ ಪವಾಡ. ಪತ್ರಗಳ ಭಾಷೆ ಇಂಗ್ಲಿಷು. ಶಾಲೆಯ ಓದು ಹೆಚ್ಚಾಗಿಲ್ಲದ ಒಬ್ಬ ಪಾರಸಿ ವರ್ತಕರು ಗುಮಾಸ್ತರ ಕೈಯಿಂದ ಲಂಡನ್ ಮತ್ತು ಕ್ಯಾಂಟನ್ನುಗಳಿಗೆ ಬರೆಯಿಸಿದ ಈ ಬರಹದಲ್ಲಿ ಸಾಹಿತ್ಯದ ಸೊಗಸನ್ನು ಅರಸಬೇಕಾಗಿಲ್ಲ. ಪೇಟೆಯ ಧಾರಣೆ, ಹಡಗಿನ ಬಾಡಿಗೆ, ವಿಮೆ, ಸರಕಿನ ಗುಣ, ಹುಂಡಿಯ ದರ, ಇವೇ ವಿಷಯಗಳು. ಇನ್ನೊಂದು ಪಾರ್ಶ್ವವನ್ನು ಕಾಣಬೇಕಾದರೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಬೇಕು. ಜಾರ್ಡಿನ್ ಮ್ಯಾಥಿಸನ್ ಕಂಪನಿಯ ದಾಖಲೆಗಳು ಅಲ್ಲಿವೆ. ಒಂದು ಸಂಭಾಷಣೆಯ ಎರಡು ಅರ್ಧಗಳು ಎರಡು ಖಂಡಗಳಲ್ಲಿ ಬಿದ್ದಿವೆ. ಆಸಿಯಾ ಸಿದ್ದೀಕಿಯವರು 1982ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಮುಂಬಯಿಯ ಸಂಪುಟಗಳ ಬೆಲೆ ವಿದ್ವಲ್ಲೋಕಕ್ಕೆ ಚೆನ್ನಾಗಿ ಮನವರಿಕೆಯಾಯಿತು.

ಬ್ಯಾಂಕು ವ್ಯವಹಾರವನ್ನು ಬಲ್ಲವರಿಗೆ ಈ ವ್ಯಾಪಾರದಲ್ಲಿ ಅತ್ಯಂತ ಕುತೂಹಲಕರವಾದುದು ಹಣ ಹಿಂದಿರುಗುತ್ತಿದ್ದ ಬಗೆ. ಅಫೀಮು ಕ್ಯಾಂಟನ್ನಿನ ಹೊರಗೆ ಲಿಂಟಿನ್ ದ್ವೀಪದ ಬಳಿ ಬೆಳ್ಳಿಯ ಡಾಲರುಗಳಿಗೆ ಮಾರಾಟವಾಗುತ್ತಿತ್ತು. ಆ ಬೆಳ್ಳಿಯನ್ನು ಮುಂಬಯಿಗೆ ತರುವುದು ಹೇಗೆ? ಗಟ್ಟಿಯಾಗಿಯೇ ತರಬಹುದು, ಅದಕ್ಕೆ ಬಾಡಿಗೆ, ವಿಮೆ, ಕಡಲುಗಳ್ಳರ ಭಯ. ಚಹ ಕೊಳ್ಳಲು ಹಣ ಬೇಕಾದ ಈಸ್ಟ್ ಇಂಡಿಯಾ ಕಂಪನಿಗೆ ಕ್ಯಾಂಟನ್ನಿನಲ್ಲಿ ಬೆಳ್ಳಿಯನ್ನು ಕೊಟ್ಟು, ಕಲಕತ್ತೆಯ ಅಥವಾ ಲಂಡನ್ನಿನ ಮೇಲೆ ಹುಂಡಿಯನ್ನು ಪಡೆಯುವುದು ಎರಡನೆಯ ದಾರಿ. ಅಮೆರಿಕನ್ ವರ್ತಕರು ಲಂಡನ್ನಿನ ಸಂಸ್ಥೆಗಳ ಮೇಲೆ ಬರೆದ ಹುಂಡಿಗಳನ್ನು ಕೊಳ್ಳುವುದು ಮೂರನೆಯದು. ಹೀಗೆ ಮಾಳವದ ರೈತನ ಬೆಳೆಗೆ ಬಂದ ಬೆಲೆ ಚೀನದಲ್ಲಿ ಬೆಳ್ಳಿಯಾಗಿ, ಲಂಡನ್ನಿನಲ್ಲಿ ಪೌಂಡಾಗಿ, ಮುಂಬಯಿಯಲ್ಲಿ ರೂಪಾಯಿಯಾಗಿ ಸುತ್ತುಹಾಕಿ ಬರುತ್ತಿತ್ತು. ಈ ಸರಪಣಿಯಲ್ಲಿ ಎಲ್ಲಿ ಒಂದು ಕೊಂಡಿ ಕಳಚಿದರೂ ಪೆಟ್ಟು ಎಲ್ಲರಿಗೂ. 1830ರ ಆರಂಭದಲ್ಲಿ ಕಲಕತ್ತೆಯ ಪಾಮರ್ ಕಂಪನಿ ಬಾಗಿಲು ಹಾಕಿತು. ಅದರ ಹಿಂದೆಯೇ ಉಳಿದ ದೊಡ್ಡ ಸಂಸ್ಥೆಗಳೂ ಉರುಳಿದವು. 1837ರಲ್ಲಿ ಅಮೆರಿಕದ ಹಣಕಾಸಿನ ಕುಸಿತದಿಂದ ಲಂಡನ್ನಿನ ವಿಗ್ಗಿನ್, ವಿಲ್ಸನ್, ವೈಲ್ಡ್ಸ್ ಎಂಬ ಮೂರು ಮನೆಗಳು ಪಾವತಿ ನಿಲ್ಲಿಸಿದಾಗ, ಅವುಗಳ ಮೇಲಿನ ಹುಂಡಿಯನ್ನು ಕೈಯಲ್ಲಿ ಹಿಡಿದ ಪೂರ್ವದೇಶದ ವರ್ತಕರಿಗೆ ಕಾಗದವಷ್ಟೇ ಉಳಿಯಿತು. ಸಹಿಯ ಮೇಲಿನ ನಂಬಿಕೆಯೇ ಬಂಡವಾಳವಾಗಿದ್ದ ಕಾಲದಲ್ಲಿ, ಹತ್ತು ಸಾವಿರ ಮೈಲಿ ದೂರದವನ ಸಹಿಯನ್ನು ಅಳೆಯಬೇಕಾಗಿತ್ತು. ಜಮ್‌ಶೇಟ್‌ಜಿಯವರು ಇಂಥ ಬಿರುಗಾಳಿಗಳನ್ನು ದಾಟಿ ನಿಂತರೆಂಬುದರಲ್ಲಿಯೇ ಅವರ ವ್ಯಾಪಾರಬುದ್ಧಿ ಎಷ್ಟರದೆಂಬುದು ವ್ಯಕ್ತವಾಗುತ್ತದೆ.

ಈ ಸರಪಣಿಯ ಮೊದಲ ಕೊಂಡಿ ಇದ್ದುದು ಇತ್ತಕಡೆ. ಇಂದೋರ, ಉಜ್ಜಯಿನಿ, ಮಂದಸೋರಗಳ ಅಫೀಮು ಕಂಪನಿ ಸರಕಾರದ ಕಣ್ಣು ತಪ್ಪಿಸಿ ಮೊದಲು ರಾಜಸ್ಥಾನದ ಪಾಲಿ, ಜೈಸಲ್ಮೇರಗಳ ಮರುಭೂಮಿಯನ್ನು ಹಾದು ಕರಾಚಿಗೆ, ಅಲ್ಲಿಂದ ಕಡಲಮೇಲೆ ಪೋರ್ತುಗೀಸರ ದಮಣಕ್ಕೆ ಬರುತ್ತಿತ್ತು. ಇಷ್ಟು ದೊಡ್ಡ ಬಳಸುದಾರಿಯನ್ನು ತಡೆಯಲಾಗದೆ ಕಂಪನಿಯು 1830ರ ಬಳಿಕ ರಹದಾರಿಯ ಪದ್ಧತಿಯನ್ನು ತಂದಿತು: ಪೆಟ್ಟಿಗೆಗೆ ಇಂತಿಷ್ಟು ಸುಂಕ ಕೊಟ್ಟರೆ ನೇರವಾಗಿ ಮುಂಬಯಿಗೆ ತರಬಹುದು. ಆರಂಭದಲ್ಲಿ 175 ರೂಪಾಯಿಯಿದ್ದ ಸುಂಕವನ್ನು ದಮಣದ ಪೈಪೋಟಿಯಿಂದ 125ಕ್ಕೆ ಇಳಿಸಬೇಕಾಯಿತು. 1843ರಲ್ಲಿ ಸಿಂಧ್ ಪ್ರಾಂತವು ಇಂಗ್ಲಿಷರ ವಶವಾಗಿ ಕರಾಚಿಯ ದಾರಿ ಮುಚ್ಚಿದೊಡನೆ ಅದೇ ಸುಂಕ ಏರತೊಡಗಿ 1847ರ ಹೊತ್ತಿಗೆ 400 ರೂಪಾಯಿಗೆ ನಿಂತಿತು. ಸಿಂಧಿನ ಯುದ್ಧಕ್ಕೆ ಏನೇ ಕಾರಣ ಹೇಳಲಿ, ಅದರ ಫಲವನ್ನು ಸುಂಕದ ಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ.

ಇಲ್ಲಿಯೇ ಪತ್ರಸಂಪುಟಗಳ ಮಿತಿಯನ್ನೂ ಗಮನಿಸಬೇಕು. ಮಾಳವದಲ್ಲಿ ಬೆಳೆಗೆ ಮುಂಗಡ ಕೊಟ್ಟ ಸಾಹುಕಾರ, ಅಫೀಮನ್ನು ಉಂಡೆಕಟ್ಟಿಸಿದ ದಲಾಲ, ಹುಂಡಿ ಬರೆದ ಶರಾಫ, ಇವರೆಲ್ಲರೂ ತಮ್ಮ ಲೆಕ್ಕವನ್ನು ತಮ್ಮ ಲಿಪಿಯಲ್ಲಿ ಬರೆದವರು. ಪಾಲುದಾರ ಮೋತೀಚಂದರ ಚಿತ್ರವೇ ಜಮ್‌ಶೇಟ್‌ಜಿಯವರ ಚಿತ್ರದ ಪಕ್ಕದಲ್ಲಿ ಮಸುಕಾಗಿ ಕಾಣುತ್ತದೆ. ಶತ್ರುಂಜಯ ಬೆಟ್ಟದ ಮೇಲೆ ಅವರು ಕಟ್ಟಿಸಿದ ದೇವಾಲಯಗಳ ಗುಂಪಿಗೆ ಅವರ ಹೆಸರಿದೆ, ಅವರ ವ್ಯಾಪಾರಕ್ಕೆ ಅಂಥ ನಿಲುಗಡೆಯಿಲ್ಲ. ಇಂಗ್ಲಿಷಿನಲ್ಲಿ ಪತ್ರ ಬರೆಯಿಸಿ ನಕಲಿಟ್ಟವನು ಇತಿಹಾಸದಲ್ಲಿ ನಾಯಕನಾಗುತ್ತಾನೆ. ಚೋಪಡಾದಲ್ಲಿ ಬರೆದವನು ‘ದೇಶೀ ದಲ್ಲಾಳಿ’ಯೆಂಬ ಒಂದು ಪದದಲ್ಲಿ ಮುಗಿದುಹೋಗುತ್ತಾನೆ. ಕನ್ನಡನಾಡಿನ ಉದಾಹರಣೆ ಇನ್ನೂ ಹತ್ತಿರದ್ದು. ಧಾರವಾಡ ಸೀಮೆಯ ಹತ್ತಿ ಎತ್ತಿನ ಮೇಲೂ ಗಾಡಿಯ ಮೇಲೂ ಘಟ್ಟವಿಳಿದು ಕುಮಟೆಯ ಬಂದರಿಗೆ ಬಂದು, ಅಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. ಬೆಳೆದ ಊರಿನ ಹೆಸರನ್ನು ಬಿಟ್ಟು ಹಡಗು ಹತ್ತಿದ ಊರಿನ ಹೆಸರೇ ಆ ಹತ್ತಿಗೆ ನಿಂತಿತು. ಮುಂಬಯಿ ಪೇಟೆಯಲ್ಲಿ ಅದು ‘ಕುಮಟಾ’. ಹುಬ್ಬಳ್ಳಿ, ಗದಗುಗಳಲ್ಲಿ ಆ ಹತ್ತಿಯನ್ನು ಕೂಡಿಹಾಕಿದ ಬಣಜಿಗರ ಲೆಕ್ಕದ ಪುಸ್ತಕಗಳು ಇಂದು ಯಾವ ಅಟ್ಟದಲ್ಲಿವೆಯೋ, ಇವೆಯೋ ಇಲ್ಲವೋ! ಗುಜರಾತದಲ್ಲಿ ನೆಲೆಸಿದ ಕನ್ನಡಿಗ ಕುಟುಂಬಗಳಲ್ಲಿ ಇಂಥ ಮನೆತನಗಳಿಂದ ಬಂದವರಿದ್ದರೆ ಊರಿಗೆ ಹೋದಾಗ ಹಳೆಯ ಪೆಟ್ಟಿಗೆಯನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡುವುದು ಒಳಿತು.

ಸಂಪುಟಗಳ ಅತ್ಯಂತ ಕಠಿನವಾದ ಪ್ರಶ್ನೆ ಮಾತ್ರ ಬೇರೆಯದು. 1839ರ ಮಾರ್ಚಿಯಲ್ಲಿ ಚಕ್ರವರ್ತಿಯ ವಿಶೇಷಾಧಿಕಾರಿ ಲಿನ್ ತ್ಸೆ-ಶೂ ಕ್ಯಾಂಟನ್ನಿಗೆ ಬಂದು, ಅಫೀಮನ್ನೆಲ್ಲ ಒಪ್ಪಿಸುವವರೆಗೆ ಪರದೇಶದ ವರ್ತಕರನ್ನು ಅವರ ಕೋಠಿಗಳಲ್ಲಿಯೇ ದಿಗ್ಬಂಧನದಲ್ಲಿಟ್ಟನು. ಇಂಗ್ಲಿಷರ ಪ್ರತಿನಿಧಿ ಎಲಿಯಟ್ ಸರಕಾರದ ಹೆಸರಿನಲ್ಲಿ ಹೊಣೆ ಹೊತ್ತು 20,283 ಪೆಟ್ಟಿಗೆಗಳನ್ನು ಒಪ್ಪಿಸಿದನು. ಜೂನಿನಲ್ಲಿ ಅದೆಲ್ಲವನ್ನೂ ಹೂಮೆನ್ ತೀರದಲ್ಲಿ ಸುಣ್ಣ ಮತ್ತು ಉಪ್ಪುನೀರಿನಲ್ಲಿ ಕರಗಿಸಿ ಕಡಲಿಗೆ ಬಿಟ್ಟರು. ಆ ಪೆಟ್ಟಿಗೆಗಳಲ್ಲಿ ದೊಡ್ಡ ಪಾಲು ಮುಂಬಯಿಯವರದು. ಮುಂಬಯಿಯ ವರ್ತಕರು ಪರಿಹಾರಕ್ಕಾಗಿ ಲಂಡನ್ನಿಗೆ ಮನವಿ ಮಾಡಿಕೊಂಡರು. ಯುದ್ಧ ನಡೆದು 1842ರ ನಾನ್ಕಿಂಗ್ ಒಪ್ಪಂದದಲ್ಲಿ ಚೀನವು ತೆರಬೇಕಾದ 210 ಲಕ್ಷ ಡಾಲರುಗಳಲ್ಲಿ 60 ಲಕ್ಷವನ್ನು ಅಫೀಮಿನ ಬಾಬ್ತಿಗೆಂದು ಗೊತ್ತುಮಾಡಲಾಯಿತು. ಪೆಟ್ಟಿಗೆಗೆ ಹಂಚಿದರೆ 300 ಡಾಲರಿಗೂ ಕಡಿಮೆ. ಎಷ್ಟೋ ಮಂದಿ ಸಣ್ಣ ವರ್ತಕರು ಅದನ್ನು ಕಾಣುವುದರೊಳಗೆ ಮುಳುಗಿದ್ದರು.

ವರ್ತಕರ ದೃಷ್ಟಿಯಲ್ಲಿ ಇದು ಹಿಂದಿರುಗದ ಸಾಲ, ಸರಕಾರವು ಮಾತು ತಪ್ಪಿದ ಪ್ರಕರಣ. ಪೆಟ್ಟಿಗೆಯೊಳಗಿನ ವಸ್ತು ತಲಪಿದ ಮನೆಗಳಲ್ಲಿ ಏನಾಯಿತೆಂಬುದು ವ್ಯವಹಾರದ ಪತ್ರಕ್ಕೆ ಸೇರುವ ವಿಷಯವಲ್ಲ. ಹತ್ತಿಯ ಮೂಟೆಯಂತೆ ಅಫೀಮಿನ ಪೆಟ್ಟಿಗೆಯೂ ಒಂದು ಬಾಬು. ಇದನ್ನು ಜಮ್‌ಶೇಟ್‌ಜಿಯವರೊಬ್ಬರ ಹೃದಯಕಾಠಿನ್ಯವೆಂದು ಭಾವಿಸುವುದು ಅನ್ಯಾಯ. ಏಕೆಂದರೆ ಬಂಗಾಳದಲ್ಲಿ ಸ್ವತಃ ಸರಕಾರವೇ ಅಫೀಮಿನ ಏಕಸ್ವಾಮ್ಯವನ್ನಿಟ್ಟುಕೊಂಡು ಹರಾಜು ಹಾಕುತ್ತಿತ್ತು. ಮುಂಬಯಿಯಲ್ಲಿ ಸುಂಕ ಎತ್ತುತ್ತಿತ್ತು. ಹಾಗೆಂದು ಪ್ರಶ್ನೆಯನ್ನೇ ಕೇಳದೆ ಬಿಡುವುದೂ ಪ್ರಾಮಾಣಿಕತೆಯಲ್ಲ. 1822ರಲ್ಲಿ ಸಾಲಕ್ಕಾಗಿ ಮುಂಬಯಿಯ ಸೆರೆಮನೆಯಲ್ಲಿದ್ದ ಬಡವರ ಬಾಕಿ ತೀರಿಸಿ ಬಿಡಿಸಿದವರು ಇವರೇ. ಮಾಹೀಮ್ ಮತ್ತು ಬಾಂದ್ರಾಗಳ ನಡುವೆ ದೋಣಿ ಮುಳುಗಿ ಜನ ಸಾಯುವುದನ್ನು ತಪ್ಪಿಸಲು 1845ರಲ್ಲಿ ಸಿದ್ಧವಾದ ಸೇತುದಾರಿಗೆ ಒಂದೂವರೆ ಲಕ್ಷ ರೂಪಾಯಿಗೂ ಮಿಕ್ಕಿ ಕೊಟ್ಟವರು ಅವರ ಪತ್ನಿ ಆವಾಬಾಯಿ. ಅದೇ ವರ್ಷ ತೆರೆದ ಆಸ್ಪತ್ರೆ, 1849ರ ಪಾರಸಿ ವಿದ್ಯಾಸಂಸ್ಥೆ, ಅದರಿಂದ ಸೂರತ್ತು ನವಸಾರಿಗಳಲ್ಲಿ ನಡೆದ ಶಾಲೆಗಳು, 1857ರ ಕಲಾಶಾಲೆ: ಅವರು ತೀರಿಕೊಂಡಾಗ ಒಟ್ಟು ದಾನ 2,30,000 ಪೌಂಡುಗಳನ್ನು ಮೀರಿತ್ತೆಂದು ಅಂದಾಜು. ದಾನದ ಪಟ್ಟಿಯನ್ನು ಅಮೃತಶಿಲೆಯಲ್ಲಿ ಕೆತ್ತಿದ್ದಾರೆ. ಗಳಿಕೆಯ ಪಟ್ಟಿ ಈ ಸಂಪುಟಗಳಲ್ಲಿದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದುವ ಅವಕಾಶ ಸಿಕ್ಕಿರುವುದು, ತಮ್ಮ ವ್ಯಾಪಾರದ ಕಾಗದಗಳನ್ನು ಆ ಮನೆಯವರು ನಾಶಮಾಡದೆ ಉಳಿಸಿದುದರಿಂದ. ಕಾಗದವನ್ನು ಸುಟ್ಟು ಕೀರ್ತಿಯನ್ನು ಮಾತ್ರ ಉಳಿಸಿಕೊಂಡ ಮನೆತನಗಳಿಗೆ ಈ ಪ್ರಶ್ನೆಯನ್ನು ಯಾರೂ ಕೇಳುವಂತಿಲ್ಲ.

1842ರ ಅನಂತರ ಅವರ ವ್ಯಾಪಾರ ಕ್ರಮೇಣ ಕುಗ್ಗಿತು. ಉಗಿಹಡಗುಗಳೂ ಇಂಗ್ಲಿಷ್ ಬ್ಯಾಂಕುಗಳೂ ಹುಂಡಿಯ ಲಾಭವನ್ನು ಕಸಿದುಕೊಂಡವು. 1832ರಲ್ಲಿ ಬಾಗ್ದಾದಿನ ಕಡೆಯಿಂದ ಮುಂಬಯಿಗೆ ಬಂದು ನೆಲೆಸಿದ ಡೇವಿಡ್ ಸಸೂನರ ಮನೆತನವು ಮುಂದೆ ಅಫೀಮಿನ ಪೇಟೆಯನ್ನು ಹಿಡಿಯಿತು. ಭಾರತೀಯರಲ್ಲಿ ಮೊದಲಿಗರಾಗಿ ಜಮ್‌ಶೇಟ್‌ಜಿಯವರಿಗೆ 1842ರಲ್ಲಿ ‘ಸರ್’ ಪದವಿಯೂ 1857ರಲ್ಲಿ ವಂಶಪಾರಂಪರ್ಯದ ‘ಬ್ಯಾರೊನೆಟ್’ ಪದವಿಯೂ ದೊರೆತವು. 1859ರ ಏಪ್ರಿಲ್ 14ರಂದು ಅವರು ಕಾಲವಾದರು. ಪದವಿಯ ಜೊತೆಗೆ ಆಸ್ತಿಯೂ ಒಡೆಯದಂತೆ ಉಳಿಯಲೆಂದು 1860ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಪದವಿಗೆ ಬರುವ ಪ್ರತಿಯೊಬ್ಬ ಉತ್ತರಾಧಿಕಾರಿಯೂ ತನ್ನ ಹೆಸರನ್ನು ಬಿಟ್ಟು ಜಮ್‌ಶೇಟ್‌ಜಿ ಜೀಜೀಭಾಯಿ ಎಂಬ ಹೆಸರನ್ನೇ ಧರಿಸಬೇಕು. ಹಿರಿಯ ಮಗ ಖರ್ಶೇದ್‌ಜಿಯವರು ಹೀಗೆ ಎರಡನೆಯ ಜಮ್‌ಶೇಟ್‌ಜಿಯಾದರು. ಆ ಕ್ರಮ ಮುಂದೆಯೂ ನಡೆಯಿತು. ಆದುದರಿಂದ ಈ ಮನೆತನದ ಕಾಗದಗಳನ್ನು ಕೈಗೆತ್ತಿಕೊಂಡವನು ಕೆಳಗಿನ ಸಹಿಯನ್ನು ನಂಬದೆ ಮೇಲಿನ ತಾರೀಖನ್ನು ಮೊದಲು ನೋಡಬೇಕಾಗುತ್ತದೆ.